ಶಿರೋಡ್ಕರ್ ಶಾಲೆ ಕಲಿತ ಊರು

ಹುಬ್ಬಳ್ಳಿಯ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿಶಾಸ್ತ್ರ ಕಲಿಸುತ್ತಿದ್ದ ಮೇಡಂ, ಗರ್ಭ ಇಳಿದುಹೋಗದಂತೆ ಗರ್ಭಕೋಶದ ಬಾಯಿಗೆ ಹಾಕುವ ಶಿರೋಡ್ಕರ್ ಹೊಲಿಗೆಯ ಪಾಠ ಶುರುಮಾಡಿದ್ದೇ ಹೀಗೆ: "ಈ ಮನಶ್ಯಾ ಸಾಲಿ ಕಲ್ತದ್ದು ಇದೇ ಊರಾಗ." ಪುಸ್ತಕದಲ್ಲಿ ಬರುವ ಹೆಸರೆಲ್ಲ ಪರದೇಶದವರದೇ ಎಂದುಕೊಂಡಿದ್ದ ನಾವು ನೆಟ್ಟಗೆ ಕುಳಿತೆವು.

ವಿಠ್ಠಲ ನಾಗೇಶ ಶಿರೋಡ್ಕರ್ 1899ರಲ್ಲಿ ಹುಟ್ಟಿದವರು, ಮೂಲತಃ ಗೋವೆಯವರು. ಹುಬ್ಬಳ್ಳಿಯಲ್ಲಿ ಶಾಲೆ ಮುಗಿಸಿ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು ಸೇರಿದರು. 1927ರಲ್ಲಿ ಎಂಡಿ, 1931ರಲ್ಲಿ ಶಸ್ತ್ರವೈದ್ಯರಿಗೆ ಕೊಡುವ ಇಂಗ್ಲೆಂಡಿನ ಎಫ್‌ಆರ್‌ಸಿಎಸ್. ಆಮೇಲೆ ಮುಂಬಯಿಗೇ ಮರಳಿ ಜೆ.ಜೆ. ಆಸ್ಪತ್ರೆಯಲ್ಲಿ ದುಡಿದರು, ತಾವು ಕಲಿತ ಕಾಲೇಜಿನಲ್ಲೇ ಪ್ರಾಧ್ಯಾಪಕರಾದರು.

ಅವರು ಹಿಡಿದದ್ದು ಬಹಳ ನೋವಿನ ಪ್ರಶ್ನೆ. ಕೆಲವು ಹೆಂಗಸರಿಗೆ ನಾಲ್ಕರಿಂದ ಏಳು ತಿಂಗಳೊಳಗೆ ಮತ್ತೆ ಮತ್ತೆ ಗರ್ಭ ಇಳಿದುಹೋಗುತ್ತಿತ್ತು. ವಿಶ್ರಾಂತಿ, ಹಾರ್ಮೋನು ಯಾವುದೂ ನಾಟುತ್ತಿರಲಿಲ್ಲ. ಅಲ್ಟ್ರಾಸೌಂಡ್ ಇಲ್ಲದ ಕಾಲದಲ್ಲಿ, ಬೆರಳಿನಿಂದಲೇ ಪರೀಕ್ಷೆ ಮಾಡಿ, ಇಂಥ ಕೆಲವರಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಕೆಳಗಿನ ಕುತ್ತಿಗೆಯ, ಒಳಬಾಯಿಯೇ ದುರ್ಬಲ ಎಂದು ಅವರು ಗುರುತಿಸಿದರು. ಭಾರ ಹೆಚ್ಚಿದಂತೆ ಅದು ನೋವೇ ಇಲ್ಲದೆ ತೆರೆದುಕೊಳ್ಳುತ್ತದೆ. ಹಾಗಾದರೆ ಅದನ್ನು ಕಟ್ಟಿದರಾಯಿತು!

ಕಟ್ಟುವುದು ಹೇಗೆಂದು ತೋರಿಸಲು ಮೇಡಂ ವಾರ್ಡಿನ ಆಯಾಳ ಎಲೆಅಡಿಕೆ ಸಂಚಿ ಇಸಿದುಕೊಂಡರು. ಅದರ ಲಾಡಿ ಎಳೆದು ಬಾಯಿ ಬಿಗಿಮಾಡಿ, "ಕೆಳಗ ಕಟ್ಟಿದ್ರ ಜಾರ್ತದ, ಮ್ಯಾಲ ಒಳಬಾಯಿ ಹತ್ರನ ಕಟ್ಟಬೇಕು" ಎಂದರು. ಅದಕ್ಕೇ ಶಿರೋಡ್ಕರ್ ಮೂತ್ರಕೋಶವನ್ನು ಮೇಲೆ ಸರಿಸಿ, ಅಷ್ಟು ಎತ್ತರದಲ್ಲಿ ಸುತ್ತು ಹಾಕುತ್ತಿದ್ದರು. ಅದಕ್ಕೆ ಅವರು ಬಳಸಿದ್ದು ರೋಗಿಯ ತೊಡೆಯಿಂದಲೇ ತೆಗೆದ ಗಟ್ಟಿ ಪೊರೆಯ ಪಟ್ಟಿ. 1955ರಲ್ಲಿ ಮದ್ರಾಸಿನ 'ಆಂಟಿಸೆಪ್ಟಿಕ್' ಪತ್ರಿಕೆಯಲ್ಲಿ ಈ ವಿಧಾನ ಪ್ರಕಟವಾಯಿತು. ಎರಡು ವರ್ಷದಲ್ಲಿ ಆಸ್ಟ್ರೇಲಿಯಾದ ವೈದ್ಯ ಮ್ಯಾಕ್‌ಡೊನಾಲ್ಡ್ ಇನ್ನೂ ಸರಳವಾದ ಹೊಲಿಗೆ ತೋರಿಸಿದರು. ಇಂದು ಹೆಚ್ಚು ಕಡೆ ಅದನ್ನೇ ಹಾಕುತ್ತಾರೆ, ನಿಜ. ಆದರೆ ದಾರಿ ತೆರೆದವರು ಶಿರೋಡ್ಕರ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜಾರಿದ ಗರ್ಭಕೋಶವನ್ನು ಎತ್ತಿ ಕಟ್ಟುವ ಅವರ ಇನ್ನೊಂದು ಶಸ್ತ್ರಕ್ರಿಯೆಯೂ ಪ್ರಸಿದ್ಧ.

ನಾನು ಮುಂದೆ ಅದೇ ವಿಭಾಗದಲ್ಲಿ ಕೆಲಸ ಮಾಡುವಾಗ, ಬಸಿರು ನಿಲ್ಲದವಳೆಂದು ಮನೆಯವರ ಮಾತು ಕೇಳಿ ಕೇಳಿ ಸೋತ ಹೆಂಗಸೊಬ್ಬಳು ಬಂದಿದ್ದಳು. ಮೂರು ತಿಂಗಳು ತುಂಬಿದ ಮೇಲೆ ಹೊಲಿಗೆ ಹಾಕಿದೆವು. ಮೂವತ್ತೇಳನೆಯ ವಾರದಲ್ಲಿ ಅದನ್ನು ಬಿಚ್ಚಿದಾಗ ಅವಳು ಕೇಳಿದ್ದು ಒಂದೇ: "ತಪ್ಪು ನಂದಲ್ಲ ಅಂತ ನಮ್ಮ ಅತ್ತಿಯವ್ರಿಗೆ ನೀವs ಹೇಳ್ತೀರೇನ್ರಿ?" ಹೇಳಿದೆ, ಅವಳ ಎದುರಿಗೇ ಹೇಳಿದೆ. ಶಿರೋಡ್ಕರ್ ಕೆಲಸದ ನಿಜವಾದ ಬೆಲೆ ನನಗೆ ತಿಳಿದದ್ದು ಆವತ್ತು.

1960ರಲ್ಲಿ ಅವರಿಗೆ ಪದ್ಮಭೂಷಣ ಬಂತು, 1971ರಲ್ಲಿ ಪದ್ಮವಿಭೂಷಣ. ಅದೇ ವರ್ಷ ತೀರಿಕೊಂಡರು. ಅವರ ಹೆಸರಿನಲ್ಲಿ ನಮ್ಮ ಪ್ರಸೂತಿ ವಿಭಾಗ ವರ್ಷಕ್ಕೊಂದು ಉಪನ್ಯಾಸ ಇಡಲಿ ಎಂಬುದು ನನ್ನ ಕೋರಿಕೆ. ಖರ್ಚಿಗೆ ನಮ್ಮ ಬ್ಯಾಚಿನವರು ಕೈಜೋಡಿಸುತ್ತೇವೆ.