ಬರೀ ಹೆಸರು ತಾನೇ?

"ಬರೀ ಹೆಸರು ತಾನೇ ಸಾರ್ ಬದಲಾಯಿಸಿದ್ದು? ಒಳಗಿರೋದನ್ನ ಮುಟ್ಟೇ ಇಲ್ಲ."

ಸೋಮವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ನಮ್ಮ ಸಂಘದ ಸಾಲದ ಲೆಕ್ಕವೆಲ್ಲ ಮಾಹಿತಿ ಕೂಡಿಡೋ ತಂತ್ರಾಂಶ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಟೇಬಲ್‌ಗಳು (ಲೆಕ್ಕ ತುಂಬಿದ ಪಟ್ಟಿಗಳು) ಒಂದು ಫೈಲಿನಲ್ಲಿ, ಅವನ್ನು ತೋರಿಸೋ ಫಾರ್ಮು, ರಿಪೋರ್ಟು ಇನ್ನೊಂದರಲ್ಲಿ. ಹೊಸದಾಗಿ ಸೇರಿದ ಹುಡುಗ ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಟೇಬಲ್ ಫೈಲಿಗೆ 'ಸಾಲದ ಲೆಕ್ಕ' ಅಂತ ಚಂದದ ಹೆಸರಿಟ್ಟಿದ್ದ. ಸೋಮವಾರ ಯಾವ ಫಾರ್ಮ್ ತೆರೆದರೂ ಫೈಲೇ ಇಲ್ಲ ಅನ್ನುತ್ತಿದೆ. ಕೌಂಟರ್ ಮುಂದೆ ಕಂತು ಕಟ್ಟಲು ಬಂದವರ ಸಾಲು. ಹುಡುಗ ತುಂಬಾ ಅಚ್ಚುಕಟ್ಟು, ಅದೇ ತೊಂದರೆ. 'ಡೇಟಾ_ಫೈನಲ್_2' ಅನ್ನೋ ಹೆಸರನ್ನು ವರ್ಷಗಟ್ಟಲೆ ಸಹಿಸಿಕೊಂಡ ನಮ್ಮಂಥ ಸೋಮಾರಿಗಳಿಂದ ಇಂಥ ಅನಾಹುತ ಆಗುವುದಿಲ್ಲ.

ಅವನು ಹೇಳಿದ್ದು ಸುಳ್ಳೂ ಅಲ್ಲ. ಸದಸ್ಯರಿಗೂ ಅವರ ಸಾಲಕ್ಕೂ ಇರುವ ನಂಟು ಸದಸ್ಯ ಸಂಖ್ಯೆಯ ಮೇಲೆ ನಿಂತಿದೆ. ಅದು ಫೈಲಿನೊಳಗೆ ಭದ್ರವಾಗಿಯೇ ಇತ್ತು. ಆದರೆ ಫಾರ್ಮಿನ ಫೈಲಿಗೆ ಟೇಬಲ್ ಫೈಲಿನ ಗುರುತು ಅಂದರೆ ಡ್ರೈವ್, ಫೋಲ್ಡರ್, ಹೆಸರು ಅಷ್ಟೇ. ಒಂದಕ್ಷರ ಬದಲಾದರೂ ಯಾರೋ ಏನೋ. ಹಳೇ ಹೆಸರು ಮತ್ತೆ ಇಟ್ಟಿದ್ದರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಹುಡುಗನ ಮುಖ ನೋಡಿ ಹೊಸದನ್ನೇ ಉಳಿಸಿದೆ. ಕಾಪಿ ತೆಗೆದಿಟ್ಟು, ಆಕ್ಸೆಸ್‌ನಲ್ಲೇ ಇರೋ ಲಿಂಕ್ಡ್ ಟೇಬಲ್ ಮ್ಯಾನೇಜರ್ ಅನ್ನೋ ಸಾಧನ ತೆರೆದು ಎಲ್ಲ ಟೇಬಲ್‌ಗೂ ಹೊಸ ದಾರಿ ತೋರಿಸಿದೆ. ಅದೂ ಮೂರು ಕಂಪ್ಯೂಟರಿನಲ್ಲಿ. ಒಂದೊಂದರಲ್ಲೂ ಫಾರ್ಮಿನ ಫೈಲ್ ಬೇರೆ ಬೇರೆ ಅಲ್ವಾ?

ಬರೀ ಹೆಸರು ತಾನೇ!

ನಮ್ಮಮ್ಮನಿಗೆ ಮದುವೆ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದರು. ಆಗ ಯಾರಿಗೂ ಅದು ದೊಡ್ಡದು ಅನ್ನಿಸಿರಲಿಕ್ಕಿಲ್ಲ. ಅಜ್ಜ ತೀರಿಕೊಂಡ ಮೇಲೆ ನೋಡಿದರೆ ತವರಿನ ವಂಶವೃಕ್ಷದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಅರ್ಧ ಎಕರೆ ತೋಟಕ್ಕಾಗಿ, ಇವರಿಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಕೊಂಡು ಅಲೆದದ್ದು ನಾನೇ. ಅದಕ್ಕೆ ಯಾವ ಮ್ಯಾನೇಜರೂ ಇರಲಿಲ್ಲ. ಕೊನೆಗೊಂದು ದಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಕಾಗದ ನೋಡಿಕೊಂಡು ಹಳೇ ಹೆಸರು ಕೂಗಿದರು. ಇನ್ನೊಂದು ಸಲ ಕೂಗಿದರು. ನನ್ನ ಪಕ್ಕದಲ್ಲೇ ಕೂತಿದ್ದ ಅಮ್ಮ, ಬೇರೆ ಯಾರನ್ನೋ ಕರೀತಿದ್ದಾರೆ ಅಂತ ಬಾಗಿಲ ಕಡೆ ನೋಡಿದಳು.