ಮೊದಲು ಸಾಲಿ ರಿಜಿಸ್ಟರ್, ಆಮೇಲೆ ವಾದ

ಕಲಬುರಗಿ, ಯಾದಗಿರಿ ಕಡೆ ಹೊಸದಾಗಿ ವಕೀಲಿ ಸನ್ನದು ಪಡೆದವರು ಬಡವರ ಕೇಸು ಪುಕ್ಕಟೆ ನಡೆಸಬೇಕು ಅಂತ ಬಂದರೆ ಮೊದಲು ಕೇಳುವುದು ಪಾಟೀಸವಾಲಿನ ಬಗ್ಗೆ. ಅದು ಎಷ್ಟೋ ತಿಂಗಳ ನಂತರದ ಮಾತು. ಹದಿಹರೆಯದ ಹುಡುಗರ ಕೇಸಿನಲ್ಲಿ ಅರ್ಧ ತೀರ್ಮಾನ ಮೊದಲ ಒಂದೆರಡು ವಾರದಲ್ಲೇ ಆಗಿರುತ್ತದೆ. ಹುಡುಗ 18 ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೆ ಹೋದನೋ, ದೊಡ್ಡವರ ಜೊತೆ ಜೈಲಿಗೆ ಹೋದನೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪೊಲೀಸರ ಕಾಗದದಲ್ಲಿ ‘ವಯಸ್ಸು ಸುಮಾರು 19’ ಅಂತ ಇರುತ್ತದೆ. ಆ ‘ಸುಮಾರು’ ಎಲ್ಲಿಂದ ಬಂತು ಅಂತ ರಿಮ್ಯಾಂಡ್ (ಬಂಧನದಲ್ಲಿಡುವ ಆದೇಶ) ಹೊತ್ತಿನಲ್ಲಿ ಕೇಳುವವರಿಲ್ಲದಿದ್ದರೆ ಹುಡುಗ ನೇರ ಜೈಲಿಗೆ. ಹಾಗಾಗಿ ಜೈಲು ಭೇಟಿಗೆ ಹೋದಾಗ ಮೀಸೆ ಸರಿಯಾಗಿ ಚಿಗುರದ ಮುಖಗಳನ್ನು ಹುಡುಕಿ. ‘ನಿನ್ನ ವಯಸ್ಸೆಷ್ಟು’ ಅಂತ ಕೇಳಿದರೆ ಪೊಲೀಸರು ಹೇಳಿಕೊಟ್ಟದ್ದನ್ನೇ ಹೇಳುತ್ತಾನೆ. ಅದರ ಬದಲು ‘ತಮ್ಮಾ, ಕೊರೋನಾ ಬಂದು ಸಾಲಿ ಬಂದ್ ಆದಾಗ ಎಷ್ಟನೇ ಕ್ಲಾಸ್ ಇದ್ದಿ?’ ಅಂತ ಕೇಳಿ. ಸಾಲಿ ಮುಚ್ಚಿದ್ದು 2020ರ ಮಾರ್ಚಿನಲ್ಲಿ, ಅಲ್ಲಿಂದ ಲೆಕ್ಕ ಹಾಕಿಕೊಳ್ಳಬಹುದು. ಲೆಕ್ಕಕ್ಕೆ ಬೇಕಾದದ್ದು ಅಪರಾಧ ನಡೆದಿದೆ ಎನ್ನುವ ದಿನದ ವಯಸ್ಸು. ಬಂಧನದ ದಿನದ್ದೂ ಅಲ್ಲ, ಚಾರ್ಜ್‌ಶೀಟ್ ದಿನದ್ದೂ ಅಲ್ಲ. ಆ ದಿನ 18 ತುಂಬಿರಲಿಲ್ಲ ಎನ್ನುವ ಅರ್ಜಿಯನ್ನು 2015ರ ಬಾಲ ನ್ಯಾಯ ಕಾಯ್ದೆಯ 9ನೇ ಕಲಂ ಪ್ರಕಾರ ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ ಹಾಕಬಹುದು. ಕೇಸು ಪೂರ್ತಿ ಮುಗಿದ ಮೇಲೂ ಹಾಕಬಹುದು.

ಪುರಾವೆಯ ಕ್ರಮ 94ನೇ ಕಲಂನಲ್ಲಿದೆ. ಮೊದಲು ಸಾಲಿ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ, ಅದೂ ಆದೇಶವಾದ 15 ದಿನದೊಳಗೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಆದರೆ ಹುಡುಗನ ಮನೆಯವರು ಮೊದಲು ತರುವುದು ಅದನ್ನೇ, ಅದರಲ್ಲಿ ಹುಟ್ಟಿದ ವರ್ಷ ಬಾಯಿಮಾತಿನ ಮೇಲೆ ಬರೆಸಿದ್ದಿರಬಹುದು. ಟಿಸಿ ಒಂದನ್ನೇ ನಂಬಿ ಕೂರಬೇಡಿ. 2023ರ ಪಿ. ಯುವಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟಿಸಿಯನ್ನು 94ನೇ ಕಲಂ ಕೇಳುವ ದಾಖಲೆ ಅಂತ ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರಿಂದ ಜನ್ಮದಿನಾಂಕದ ಪ್ರಮಾಣಪತ್ರವನ್ನೇ ಬರೆಸಿಕೊಳ್ಳಿ. ಅದಕ್ಕೆ ಆಧಾರವಾದ ದಾಖಲಾತಿ ರಿಜಿಸ್ಟರನ್ನು ಮಂಡಳಿಯ ಮುಂದೆ ತರಿಸಿ.

ರಿಜಿಸ್ಟರ್ ತೆರೆದಾಗ ಒಂದೇ ಸಾಲು ನೋಡಿ ಮುಚ್ಚಬಾರದು. ಜನ್ಮದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು, ಎರಡೂ ತಾಳೆಯಾಗಬೇಕು. ಕ್ರಮಸಂಖ್ಯೆ ಮೇಲಿನ, ಕೆಳಗಿನ ಮಕ್ಕಳ ನಡುವೆ ಸರಿಯಾಗಿ ಕೂತಿದೆಯೇ, ಶಾಯಿ ಒಂದೇ ಇದೆಯೇ, ತಿದ್ದಿದ್ದರೆ ಪಕ್ಕದಲ್ಲಿ ಸಹಿ ಇದೆಯೇ ನೋಡಿ. ಹುಡುಗ ಎರಡು ಮೂರು ಸಾಲಿ ಬದಲಿಸಿದ್ದರೆ ಮೊದಲು ಸೇರಿದ ಸಾಲಿಯ ರಿಜಿಸ್ಟರೇ ಗಟ್ಟಿ, ಆಮೇಲಿನವರು ಟಿಸಿ ನೋಡಿ ನಕಲು ಮಾಡಿರುತ್ತಾರೆ. ನಮ್ಮಲ್ಲಿ ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ, ಮಾಸ್ತರರ ಕೃಪೆ. ಸರ್ಕಾರಿ ವಕೀಲರು ಇದನ್ನೇ ಹಿಡಿದು ಸುಳ್ಳು ತಾರೀಖು ಎನ್ನುತ್ತಾರೆ. ಕೇಸು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬರೆದ ತಾರೀಖು ಇದು, ಈ ಕೇಸಿಗಾಗಿ ಹುಟ್ಟಿಸಿದ್ದಲ್ಲ ಎಂಬುದೇ ಉತ್ತರ. ತಾಂಡಾದವರು, ಗುಳೆ ಹೋದವರ ಮಕ್ಕಳು ಸೊಲ್ಲಾಪುರದಲ್ಲಿ ಮರಾಠಿ ಸಾಲಿಗೋ ತಾಂಡೂರಿನಲ್ಲಿ ತೆಲುಗು ಸಾಲಿಗೋ ಹೋಗಿರುತ್ತಾರೆ. ಬೀದರಿನಲ್ಲಿ ರಿಜಿಸ್ಟರ್ ಉರ್ದುವಿನಲ್ಲಿರಬಹುದು. ಅನುವಾದಕ್ಕೆ ಮೊದಲ ದಿನವೇ ಏರ್ಪಾಡು ಮಾಡಿ, ಇಲ್ಲದಿದ್ದರೆ ಅದಕ್ಕಾಗಿಯೇ ಒಂದು ಪೇಶಿ (ವಿಚಾರಣೆಯ ದಿನ) ಹೋಗುತ್ತದೆ.

ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು. ಸಾಲಿ ದಾಖಲೆ ಇದ್ದೂ ಪೊಲೀಸರು ಪರೀಕ್ಷೆ ಬೇಡಿದರೆ ಅಲ್ಲೇ ಲಿಖಿತ ಆಕ್ಷೇಪಣೆ ಹಾಕಿ. ಸುಮ್ಮನಿದ್ದು ‘19ರಿಂದ 20’ ಅಂತ ವರದಿ ಬಂದ ಮೇಲೆ ಬಡಿದಾಡುವುದು ಕಷ್ಟ.

ಇನ್ನು ಮಂಡಳಿ. ಮೂರು ವರ್ಷ ಅನುಭವವಿರುವ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಹುಡುಗನನ್ನು 24 ಗಂಟೆಯೊಳಗೆ ಹಾಜರುಪಡಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ‘ಇವತ್ತು ಬೋರ್ಡ್ ಕೂರಂಗಿಲ್ಲ’ ಎಂಬ ಸಬೂಬಿಗೆ 7ನೇ ಕಲಂ ತೋರಿಸಿ, ಮಂಡಳಿ ಕೂರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು.

ಇಲ್ಲಿ ಜಾಮೀನು ಅರ್ಜಿ 12ನೇ ಕಲಂನಡಿ. ದೊಡ್ಡವರ ಅರ್ಜಿಯನ್ನೇ ನಕಲು ಮಾಡಿ ‘ಎಫ್‌ಐಆರ್‌ನಲ್ಲಿ ವಿಳಂಬವಿದೆ, ಸಾಕ್ಷಿ ಇಲ್ಲ’ ಅಂತ ನಾಲ್ಕು ಪುಟ ಬರೆಯುವವರೇ ಜಾಸ್ತಿ. ಕೃತ್ಯ ಎಷ್ಟು ಘೋರ ಎನ್ನುವುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಬಿಟ್ಟರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆಯೇ, ಅವನಿಗೇ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆಯೇ, ನ್ಯಾಯದ ಉದ್ದೇಶಕ್ಕೆ ಧಕ್ಕೆಯಾಗುತ್ತದೆಯೇ? ನಿರಾಕರಣೆಗೆ ಕಾರಣ ಈ ಮೂರೇ. ಮೂರು ಪ್ಯಾರಾದಲ್ಲಿ ಮೂರಕ್ಕೂ ಉತ್ತರ ಬರೆಯಿರಿ. ಅಪ್ಪ ಅವ್ವ ಪುಣೆಯಲ್ಲೋ ಬೆಂಗಳೂರಿನಲ್ಲೋ ಗಾರೆ ಕೆಲಸಕ್ಕೆ ಹೋಗಿದ್ದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಹುಡುಗನ ಮನೆಯ ಪರಿಸ್ಥಿತಿ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯ ವರದಿ ಬರುತ್ತದೆ. ಆ ವರದಿ ತಯಾರಾಗುವ ಮೊದಲೇ ಸೋದರಮಾವನನ್ನೋ ದೊಡ್ಡಪ್ಪನನ್ನೋ ಅಧಿಕಾರಿಗೆ ಭೇಟಿ ಮಾಡಿಸಿ, ಹುಡುಗ ಎಲ್ಲಿರುತ್ತಾನೆ, ಏನು ಕಲಿಯುತ್ತಾನೆ ಎನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ. ಜಾಮೀನಿನ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ ಷರತ್ತು ಸಡಿಲಿಸಲು ಹುಡುಗನನ್ನು ಮತ್ತೆ ಮಂಡಳಿ ಮುಂದೆ ತರಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಬೇರೆ ಯಾರೂ ನೆನಪಿಸುವುದಿಲ್ಲ.

16 ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ ಪ್ರಾಥಮಿಕ ಮೌಲ್ಯಮಾಪನ, ಅಂದರೆ ಅವನನ್ನು ದೊಡ್ಡವನೆಂದು ವಿಚಾರಣೆಗೆ ಒಳಪಡಿಸಬೇಕೇ ಎಂಬ ಪರಿಶೀಲನೆ. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು. ಕೊಲೆ ಯತ್ನ, ಭಾರತೀಯ ನ್ಯಾಯ ಸಂಹಿತೆಯ 109(1), ಕೇಳಲು ಭಯಂಕರ. ಆದರೆ ಅದಕ್ಕೆ ಕನಿಷ್ಠ ಶಿಕ್ಷೆಯೇ ಇಲ್ಲ. 2020ರ ಶಿಲ್ಪಾ ಮಿತ್ತಲ್ ತೀರ್ಪಿನ ಪ್ರಕಾರ ಅಂಥದ್ದು ಘೋರದ ಗುಂಪಿಗೆ ಸೇರುವುದಿಲ್ಲ.

ದೊಡ್ಡವರ ಕೇಸಿನಲ್ಲಿ ಗೋಳು ಬೇರೆ. ಜಾಮೀನು ಆದೇಶ ಆಗಿರುತ್ತದೆ, ಪಹಣಿ ಇಟ್ಟು ಹೊಣೆ ನಿಲ್ಲುವವರು ಇರುವುದಿಲ್ಲ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇಟ್ಟುಕೊಂಡಿರಿ: ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕು ಎಂಬ ಷರತ್ತು ಬಿಡುಗಡೆಗೆ ಅಡ್ಡಿ ಅಂತಲೂ ಅದರಲ್ಲೇ ಇದೆ. ಚಾರ್ಜ್‌ಶೀಟ್‌ನ 60 ಅಥವಾ 90 ದಿನ ಎಣಿಸುವಾಗ ರಿಮ್ಯಾಂಡ್ ಆದ ದಿನವನ್ನೂ ಸೇರಿಸಿ. ಅಷ್ಟರೊಳಗೆ ಚಾರ್ಜ್‌ಶೀಟ್ ಬರಲಿಲ್ಲ ಅಂತ ಜಾಮೀನು ಕೇಳುವ ಅರ್ಜಿ ಚಾರ್ಜ್‌ಶೀಟ್‌ಗಿಂತ ಮೊದಲೇ ಬೀಳಬೇಕು. ಮಧ್ಯಾಹ್ನ ಹಾಕೋಣ ಅಂದುಕೊಂಡರೆ ಬೆಳಿಗ್ಗೆಯೇ ಚಾರ್ಜ್‌ಶೀಟ್ ಬಂದು ಕೂತಿರುತ್ತದೆ.

ದುಡ್ಡಿನ ವಿಷಯ: ಪ್ರಾಧಿಕಾರದಿಂದ ಬಂದ ಕೇಸಿನಲ್ಲಿ ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ, ‘ಸಾಹೇಬ್ರ, ಚಾ ಕುಡೀರಿ’ ಅಂತ ಕೈಗಿಟ್ಟದ್ದನ್ನೂ. ಮಕ್ಕಳು, ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರು ಆದಾಯ ಪ್ರಮಾಣಪತ್ರವಿಲ್ಲದೆಯೇ ಪುಕ್ಕಟೆ ಕಾನೂನು ನೆರವಿಗೆ ಅರ್ಹರು. ತಹಶೀಲ್ ಕಚೇರಿಗೆ ಅಲೆಸಬೇಡಿ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲು ಹೇಳಿ.

ಕೇಸು ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. 24ನೇ ಕಲಂ ಪ್ರಕಾರ ಆ ದಾಖಲೆ ಹುಡುಗನಿಗೆ ಅನರ್ಹತೆಯಾಗಬಾರದು. ದೊಡ್ಡವನೆಂದು ವಿಚಾರಣೆಗೊಳಗಾಗಿ ಶಿಕ್ಷೆಯಾದವರದ್ದು ಬಿಟ್ಟು ಉಳಿದವರ ಕಡತ ನಿಗದಿತ ಅವಧಿ ಮುಗಿದ ಮೇಲೆ ನಾಶವಾಗಬೇಕು. ಆದರೆ ಠಾಣೆಯ ಕಂಪ್ಯೂಟರಿನಲ್ಲಿ ಹೆಸರು ಉಳಿದರೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಆಗುವ ದಿನ ಹೊರಬೀಳುತ್ತದೆ. ಕಡತ ನಾಶದ ಅರ್ಜಿಯಲ್ಲಿ ಮಂಡಳಿ, ಠಾಣೆ, ವಿಚಾರಣೆಯ ಹೊತ್ತಿನಲ್ಲಿ ಹುಡುಗನನ್ನು ಇರಿಸಿದ್ದ ವೀಕ್ಷಣಾಲಯ ಮೂರನ್ನೂ ಹೆಸರಿಸಿ, ಆದೇಶದ ದೃಢೀಕೃತ ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.