ಎರೆ ಹೊಲದಲ್ಲಿ ಸಿಕ್ಕಿಬಿದ್ದ ಗಾಲಿ

"ಈ ಸರ್ತಿ ಸ್ವೀಪ್ ನೀನ ನೋಡು" ಅಂತ ಕಾಕಾ ಶನಿವಾರ ರಾತ್ರಿ ಫೋನ್ ಮಾಡಿ ಹೇಳಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ನಮ್ಮ ಹುಬ್ಬಳ್ಳಿ ಸೈಕಲ್ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಮುಂದೆ ದಾರಿ ಗೊತ್ತಿರುವವರು ಒಬ್ಬರು, ಎಲ್ಲರಿಗಿಂತ ಹಿಂದೆ ಸ್ವೀಪ್ ಒಬ್ಬರು. ಸ್ವೀಪ್ ಆದವನು ಯಾರನ್ನೂ ಹಿಂದೆ ಬಿಟ್ಟು ಹೋಗುವಂತಿಲ್ಲ. ಯಾರದೋ ಪಂಕ್ಚರ್ ಆಯಿತು, ಯಾರಿಗೋ ಕಾಲು ಹಿಡಿದುಕೊಂಡಿತು, ಯಾರೋ ಸುಮ್ನೆ ಫೋಟೋ ತೆಗೀತಾ ನಿಂತರು, ಸ್ವೀಪ್ ಕೂಡ ನಿಲ್ಲಬೇಕು. ಮೂರು ವರ್ಷದಿಂದ ನಾನೇ ಬಾಲದಲ್ಲಿ ಇರುವವನು, ನನಗೋಸ್ಕರ ಬೇರೆ ಯಾರೋ ಸ್ವೀಪ್ ಆಗಿ ನಿಂತು ನಿಂತು ಸುಸ್ತಾಗಿದ್ದರು. ಈಗ ನನಗೇ ಬಡ್ತಿ!

ಹೋಗುವುದು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ. ನಮ್ಮ ಮಾಮೂಲಿ ಭಾನುವಾರ ಅಂದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಜಾಸ್ತಿ ಹುರುಪು ಬಂದರೆ ಧಾರವಾಡಕ್ಕೆ ಹೋಗಿ ಬರುವುದು. ಗುಡ್ಡ, ಮಣ್ಣುದಾರಿ, ಕಲ್ಲು ಅಂತ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ ಸೈಕಲ್) ತಗೊಂಡು ಅದನ್ನು ಡಾಂಬರಿನ ಮೇಲೇ ಓಡಿಸುವುದಕ್ಕೆ ನಮಗೇ ನಾಚಿಕೆ ಆಗುತ್ತಿತ್ತು. ಹೀಗಾಗಿ ಅಕ್ಟೋಬರ್ ಮೊದಲ ವಾರ ಹನ್ನೊಂದು ಜನ, ಹನ್ನೊಂದು ಸೈಕಲ್, ಒಂದು ಟಾಟಾ ಏಸ್, ಎರಡು ಕಾರು ಅಂತ ತಯಾರಾದೆವು. ಸೈಕಲ್‌ಗಳ ಮಧ್ಯೆ ಹಳೇ ಗೋಣಿಚೀಲ ತುರುಕಿ ಹಗ್ಗ ಬಿಗಿದು ಬೆಳಗ್ಗೆ ನಾಲ್ಕೂವರೆಗೆ ಹುಬ್ಬಳ್ಳಿ ಬಿಟ್ಟರೆ ಗದಗ ಸುಮಾರು 60 ಕಿಲೋಮೀಟರ್, ಬೆಳಕು ಹರಿಯುವ ಮೊದಲೇ ಮುಟ್ಟಿದೆವು.

ಗುಂಪಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಒಬ್ಬರು ಹಲ್ಲಿನ ಡಾಕ್ಟರ್, ಒಬ್ಬರು ಬ್ಯಾಂಕ್ ಮೇಡಂ, ಇಬ್ಬರು ಇಂಜಿನಿಯರಿಂಗ್ ಹುಡುಗರು, ಒಬ್ಬರು ದುರ್ಗದ ಬೈಲಿನಲ್ಲಿ ಬಟ್ಟೆ ಅಂಗಡಿ ಇರುವವರು, ಹೀಗೆ. ಕಾಕಾ ಅಂದರೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು, ವಯಸ್ಸು 63. ಅವರ ಬೆನ್ನಿನ ಚೀಲ ನಮ್ಮೆಲ್ಲರ ಚೀಲಕ್ಕಿಂತ ಭಾರ. ಅದರಲ್ಲಿ ಏನಿರುತ್ತದೆ ಅಂತ ಕೇಳಿದರೆ "ಸಂಸಾರ" ಅನ್ನುತ್ತಾರೆ.

ಗದಗಿನಲ್ಲಿ ಇಡ್ಲಿ ತಿಂದು ಡಂಬಳದ ದಾರಿ ಹಿಡಿದ ಹತ್ತೇ ನಿಮಿಷಕ್ಕೆ ಹಿಂದಿನಿಂದ ಸರ್ರ್ ಅಂತ ಸದ್ದು ಬಂತು. ಆರು ಹುಡುಗಿಯರು, ಸಪೂರ ಗಾಲಿಯ ರೇಸ್ ಸೈಕಲ್, ಒಬ್ಬರ ಹಿಂದೆ ಒಬ್ಬರು ಒಂದೇ ಗೆರೆ ಎಳೆದ ಹಾಗೆ. "ಸರ್, ಎಡಕ್ಕ ಬರ್ರಿ" ಅಂತ ಒಂದು ಹುಡುಗಿ ಕೂಗಿ ದಾಟಿ ಹೋದಳು. ನಾವು ಎಡಕ್ಕೆ ಸರಿಯುವಷ್ಟರಲ್ಲಿ ಅವರು ತಿರುವಿನಲ್ಲಿ ಮಾಯ. ಗದಗದಲ್ಲಿ ಸೈಕ್ಲಿಂಗ್ ಹುಡುಗ ಹುಡುಗಿಯರಿಗಾಗಿ ಕ್ರೀಡಾ ವಸತಿ ನಿಲಯ ಇದೆ. ವಿಜಯಪುರ, ಬಾಗಲಕೋಟೆ ಕಡೆಯೂ ಹಾಗೇ. ದೇಶಕ್ಕೆ ಸೈಕಲ್ ಓಡಿಸಿದವರಲ್ಲಿ ಈ ಭಾಗದ ಹಳ್ಳಿ ಮಕ್ಕಳು ಎಷ್ಟೋ ಮಂದಿ. ಗದಗಿನ ಪಕ್ಕದ ಬಿಂಕದಕಟ್ಟಿ ಗುಡ್ಡದಲ್ಲಿ ರಾಷ್ಟ್ರ ಮಟ್ಟದ ಎಂಟಿಬಿ ಸ್ಪರ್ಧೆಯೂ ನಡೆದಿದೆ. ನಾವು ಲಕ್ಷಗಟ್ಟಲೆ ಸುರಿದು ತಗೊಂಡ ಸೈಕಲ್‌ಗಳ ಮೇಲೆ ಹೊಟ್ಟೆ ಹೊತ್ತುಕೊಂಡು ಹೋಗುತ್ತಿದ್ದೆವು. ಡಾಕ್ಟರು ಮಾತ್ರ "ಅವರಿಗೆ ವಯಸ್ಸೈತ್ರಿ" ಅಂತ ಸಮಾಧಾನ ಮಾಡಿಕೊಂಡರು.

ಡೋಣಿ ಊರಿನ ಹತ್ತಿರ ಬರುತ್ತಿದ್ದ ಹಾಗೆ ಗುಡ್ಡ ಕಾಣಲು ಶುರು. "ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು" ಅನ್ನುತ್ತಾರೆ ಇಲ್ಲಿನವರು. ಬೇಸಿಗೆಯಲ್ಲಿ ಬಂದವರಿಗೆ ಈ ಮಾತು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಬಹುದು. ಮಳೆ ಮುಗಿಯುವ ಹೊತ್ತಿಗೆ ಬಂದರೆ ಅನ್ನಿಸುವುದಿಲ್ಲ. ದಟ್ಟ ಕಾಡಲ್ಲ ಇದು, ಹುಲ್ಲು, ಕುರುಚಲು, ನಡುನಡುವೆ ಕಲ್ಲು, ಮೇಲೆ ಸಾಲಾಗಿ ಗಾಳಿಯಂತ್ರಗಳು. ಔಷಧಿ ಗಿಡಗಳಿಗೆ ಹೆಸರುವಾಸಿ. ಚಿನ್ನ, ಕಬ್ಬಿಣದ ಅದಿರೂ ಇದೆ, ಆ ಕಾರಣಕ್ಕೇ ಗುಡ್ಡದ ಮೇಲೆ ಎಲ್ಲರ ಕಣ್ಣು. ಜನ, ಮಠದವರು, ಪರಿಸರದವರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಜಾಗ ವನ್ಯಧಾಮ ಆಯಿತು. ಕತ್ತೆಕಿರುಬ, ತೋಳ, ಚಿರತೆ ಎಲ್ಲ ಇವೆ. ಹೀಗಾಗಿ ನಾವು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡಿದ್ದೆವು. ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿಯ ತನಕ ಹೋಗುವ ರಸ್ತೆ ಬಿಟ್ಟು ಆಚೀಚೆ ಇಳಿಯುವಂತಿಲ್ಲ, ಹಾಡು ಹಾಕುವಂತಿಲ್ಲ. ಸರಿ ತಾನೆ?

ಏರು ಶುರುವಾದದ್ದೇ ಗುಂಪು ಜಪಮಾಲೆ ಹರಿದ ಹಾಗೆ ಚೆಲ್ಲಾಪಿಲ್ಲಿಯಾಯಿತು. ಹುಡುಗರಿಬ್ಬರು ಮೊದಲ ತಿರುವಿನಲ್ಲೇ ಕಾಣೆಯಾದರು. ಬ್ಯಾಂಕ್ ಮೇಡಂ ಯಾವತ್ತೂ ಒಂದೇ ಲಯ. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿ, ಎದುರಿನ ಎರಡು ಮಾರು ದಾರಿ ಮಾತ್ರ ನೋಡುತ್ತಾ, ತುಟಿಯಲ್ಲಿ ಏನೋ ಎಣಿಸುತ್ತಾ ಹತ್ತುತ್ತಾರೆ. ಅಂಗಡಿ ಸಾಹುಕಾರರು ಎರಡನೇ ತಿರುವಿಗೇ ಇಳಿದು ತಳ್ಳಲು ಶುರು ಮಾಡಿದರು. ನಾನು ಸ್ವೀಪ್ ಅಲ್ವಾ, ನಾನೂ ಇಳಿದೆ. ನಿಜ ಹೇಳಬೇಕೆಂದರೆ ಅವರು ಇಳಿಯದಿದ್ದರೂ ಇನ್ನು ನೂರು ಮೀಟರಿಗೆ ನಾನೇ ಇಳಿಯುವವನಿದ್ದೆ. ಸ್ವೀಪ್ ಆಗಿದ್ದರಲ್ಲಿ ಅದೊಂದು ಲಾಭ.

ತಳ್ಳುತ್ತಾ ಅವರು ಕಾಟನ್ ರೇಟು ಹೇಳಿದರು, ಮಗಳ ಮದುವೆ ವಿಷಯ ಹೇಳಿದರು, ಹೋದ ವರ್ಷ ಬಿಪಿ ಗುಳಿಗೆ ಶುರುವಾದಾಗ ಎಷ್ಟು ಹೆದರಿದ್ದೆ ಅಂತಲೂ ಹೇಳಿದರು. ಎರಡು ವರ್ಷ ಒಟ್ಟಿಗೆ ಸೈಕಲ್ ಹೊಡೆದಿದ್ದೇವೆ, ಇದೊಂದೂ ನನಗೆ ಗೊತ್ತಿರಲಿಲ್ಲ. ಮುಂದೆ ಹೋದವರಿಗೆ ಗಾಳಿಯಂತ್ರ ಸಿಕ್ಕಿತು, ನನಗೆ ಇದು ಸಿಕ್ಕಿತು.

ಮೇಲೆ ಗಾಳಿ ಅಂದರೆ ಗಾಳಿ. ಸೈಕಲ್ ಸ್ಟ್ಯಾಂಡ್ ಹಾಕಿದರೆ ಬೀಳುತ್ತದೆ, ಹೆಲ್ಮೆಟ್ ಬಿಚ್ಚಿ ಇಟ್ಟರೆ ಉರುಳುತ್ತದೆ. ಯಂತ್ರದ ರೆಕ್ಕೆ ತಿರುಗುವ ಸದ್ದು ದೊಡ್ಡ ಕಂಬಳಿ ಕೊಡವಿದ ಹಾಗೆ, ಒಂದು ಲಯದಲ್ಲಿ. ಕೆಳಗೆ ಹೊಲಗಳ ಪಟ್ಟಿ: ಹಸಿರು, ಕಪ್ಪು, ಮತ್ತೆ ಹಸಿರು, ಮತ್ತೆ ಕಪ್ಪು. ಹೆಸರು ಬೆಳೆ ಕಿತ್ತು ಹಿಂಗಾರಿ ಜೋಳಕ್ಕೆ, ಕಡಲೆಗೆ ಹದ ಮಾಡಿಟ್ಟ ಎರೆ ಭೂಮಿ. ಚಂದ ಐತಿ ಅಂತ ಫೋಟೋ ತೆಗೆದೆವು. ಹಿಂದಿನ ರಾತ್ರಿ ಆ ಕಪ್ಪಿನ ಮೇಲೆ ಹಸ್ತ ಮಳೆ ಚೆನ್ನಾಗಿ ಸುರಿದಿತ್ತು ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಕಾಕಾ ಒಬ್ಬರೇ ಒಂದು ಸಲ "ರಾತ್ರಿ ಮಳಿ ಆಗೇತಲ್ಲೋ" ಅಂದಿದ್ದರು. ನಾವು ಶೇಂಗಾ ಚಿಕ್ಕಿ ತಿನ್ನುತ್ತಿದ್ದೆವು.

ಇಳಿಯುವುದಕ್ಕೇ ಅಲ್ಲವೇ ಇಷ್ಟು ಹತ್ತುವುದು! ಟ್ಯೂಬ್‌ಲೆಸ್ ಗಾಲಿಯ ಗಾಳಿ ಸ್ವಲ್ಪ ಬಿಟ್ಟು, ಸೀಟು ಕೆಳಗೆ ಮಾಡಿ, ಪೆಡಲ್ ಎರಡೂ ಸಮನಾಗಿ ಹಿಡಿದು, ಸೊಂಟ ಹಿಂದಕ್ಕೆ ಸರಿಸಿ ನಿಂತುಕೊಂಡು ಬಿಟ್ಟರೆ ಕಲ್ಲಿನ ಮೇಲೆ ಟೈರು ಬುಳಬುಳ ಅಂತ ಹರಿಯುತ್ತದೆ. ಗುಡ್ಡದ ಬುಡದ್ದು ಕೆಂಪು ಮಸಾರಿ ಮಣ್ಣು, ರಾತ್ರಿ ಮಳೆ ಬಂದರೂ ಬೆಳಗ್ಗೆ ನೀರು ಬಸಿದು ಗಟ್ಟಿಯಾಗಿರುತ್ತದೆ, ಟೈರಿಗೆ ಒಳ್ಳೇ ಹಿಡಿತ. ಆ ಹತ್ತು ನಿಮಿಷಕ್ಕೆ ನಾನು ಕೂಡ ಇಪ್ಪತ್ತು ವರ್ಷದವನು. ಇಂಥ ಹೊತ್ತಲ್ಲೇ ಮನುಷ್ಯನಿಗೆ ತಪ್ಪು ಯೋಚನೆ ಬರುವುದು.

ಕೆಳಗೆ ಬಂದ ಮೇಲೆ ಒಬ್ಬ ಹುಡುಗ ಮೊಬೈಲ್ ತೋರಿಸಿದ. ಡಾಂಬರು ರಸ್ತೆ ಬಿಟ್ಟು ಹೊಲದ ನಡುವೆ ಬಂಡಿದಾರಿ ಹಿಡಿದರೆ ಡಂಬಳಕ್ಕೆ ಹತ್ತಿರ. ನಕ್ಷೆಯಲ್ಲಿ ಸಣ್ಣ ಚುಕ್ಕಿ ಗೆರೆ. ಕಾಕಾ ಬೇಡ ಅಂದರು. "ಎಂಟಿಬಿ ತಗೊಂಡಿದ್ದು ಯಾಕೆ ಕಾಕಾ?" ಅಂತ ಜೋರಾಗಿ ಕೇಳಿದವನು ನಾನೇ. ಕೈ ಎತ್ತಿಸಿದೆವು. ಆರು ಜನ ಬಂಡಿದಾರಿ, ಐದು ಜನ ಡಾಂಬರು. ಗುಂಪು ಒಡೆಯುವಂತಿಲ್ಲ, ಎಲ್ಲರೂ ಬಂಡಿದಾರಿ.

ಮೊದಲ ಅರ್ಧ ಕಿಲೋಮೀಟರ್ ಸರಿ ಇತ್ತು. ಆಮೇಲೆ ಮಣ್ಣಿನ ಬಣ್ಣ ಬದಲಾಯಿತು.

ಎರೆ ಮಣ್ಣು ಹಸಿಯಾದಾಗ ಹೇಗಿರುತ್ತದೆ ಅಂತ ಹೊಲ ಇದ್ದವರಿಗೆ ಹೇಳಬೇಕಿಲ್ಲ, ಇಲ್ಲದವರಿಗೆ ಹೇಳುತ್ತೇನೆ. ಮೊದಲು ಟೈರಿನ ಗಂಟುಗಳ ನಡುವೆ ತುಂಬಿಕೊಳ್ಳುತ್ತದೆ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಪದರ. ದಾರಿಯಲ್ಲಿ ಬಿದ್ದ ಹುಲ್ಲು, ಸಜ್ಜೆ ದಂಟು ಎಲ್ಲ ಅದರೊಳಗೆ ಸೇರಿ ಗೋಡೆ ಕಟ್ಟುವ ಮಣ್ಣಿನ ಹಾಗೆ ಬಿಗಿಯಾಗುತ್ತದೆ. ನಾಲ್ಕನೇ ಸುತ್ತಿಗೆ ಗಾಲಿಗೂ ಫ್ರೇಮಿಗೂ ನಡುವೆ ಇದ್ದ ಜಾಗ ಮುಚ್ಚಿ ಗಾಲಿ ನಿಂತೇಬಿಡುತ್ತದೆ. ತುಳಿದರೆ ಹೋಗುವುದಿಲ್ಲ, ತಳ್ಳಿದರೂ ಹೋಗುವುದಿಲ್ಲ, ಎಳೆದರೆ ಹಿಂದೆ ಎರಡು ಗೆರೆ ಉಳುತ್ತದೆ. ಎತ್ತೋಣ ಅಂದರೆ ಹದಿಮೂರು ಕೇಜಿ ಸೈಕಲ್ ಈಗ ಇಪ್ಪತ್ತೈದಾಗಿದೆ. ಬೂಟಿನ ಕೆಳಗೂ ಅದೇ ಕಥೆ, ಒಂದೊಂದು ಹೆಜ್ಜೆಗೂ ಒಂದೊಂದು ಇಂಚು ಎತ್ತರವಾಗುತ್ತಾ ಹೋದೆವು. ಹನ್ನೊಂದು ಜನ ಕೋಲು ಹುಡುಕಿ ಗಾಲಿ ಕೆರೆಯುವುದು, ಹತ್ತು ಹೆಜ್ಜೆ ಹೋಗುವುದು, ಮತ್ತೆ ಕೆರೆಯುವುದು.

ಬದುವಿನ ಮೇಲೆ ಕೂತು ಒಬ್ಬ ಅಜ್ಜ ಇದನ್ನೆಲ್ಲ ನೋಡುತ್ತಿದ್ದರು. ಎಲೆ ಅಡಿಕೆ ಉಗುಳಿ ಕೇಳಿದರು: "ಎಲ್ಲಿಯವರ್ರಿ?"

"ಹುಬ್ಬಳ್ಳಿಯವರು ಯಜ್ಜಾ."

"ಹಸಿ ಇದ್ದಾಗ ಎರಿ ಹೊಲದಾಗ ನಾವ ಕಾಲ ಇಡಂಗಿಲ್ಲ, ನೀವ್ ಗಾಲಿ ಇಟ್ಟೀರಲ್ಲೋ!"

ಬೈಗುಳವಲ್ಲ, ನಿಜವಾದ ಆಶ್ಚರ್ಯ. ಕಾಕಾ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಸಾಕಾಗಿತ್ತು.

ಹೇಗಾದರೂ ಮಾಡಿ ಬೇಗ ದಾಟೋಣ ಅಂತ ನಾನು ಸೀಟಿನ ಮೇಲೆ ಕೂತು ಜೋರಾಗಿ ತುಳಿದೆ. ಕಟಕ್. ಮಣ್ಣು, ದಂಟು ಸಿಕ್ಕಿಕೊಂಡ ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ತಿರುಚಿಕೊಂಡು ಗಾಲಿಯ ಕಡ್ಡಿಗಳ ಒಳಗೇ ಹೋಗಿಬಿಟ್ಟಿತ್ತು. ಅದನ್ನು ಫ್ರೇಮಿಗೆ ಹಿಡಿದುಕೊಂಡಿರುವ ಹ್ಯಾಂಗರ್ ಎರಡು ತುಂಡು. ಅಲ್ಯೂಮಿನಿಯಂನ ಸಣ್ಣ ಕೊಂಡಿ ಅದು. ಪೆಟ್ಟು ಬಿದ್ದರೆ ಫ್ರೇಮ್ ಬದಲು ಇದೇ ಮುರಿಯಲಿ ಅಂತಲೇ ಮೆತ್ತಗೆ ಮಾಡಿರುತ್ತಾರೆ. ಒಳ್ಳೆಯದೇ, ಆದರೆ ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರುವುದಿಲ್ಲ. ಸ್ವೀಪ್‌ಗೋಸ್ಕರ ಹತ್ತು ಜನ ನಿಂತರು.

ಆಗ ಕಾಕಾ "ಸಂಸಾರ" ಬಿಚ್ಚಿದರು. ಗೋಣಿಚೀಲ ಹಾಸಿ ನನ್ನ ಸೈಕಲ್ ತಲೆಕೆಳಗೆ ನಿಲ್ಲಿಸಿದರು. ಬಾಟಲಿಯ ನೀರು ಕುಡಿಯುವುದಕ್ಕಲ್ಲ ಅಂತ ಹೇಳಿ ಚೈನಿನ ಮೇಲೆ ಸುರಿದು ಹಳೇ ಬ್ರಷ್‌ನಿಂದ ತಿಕ್ಕಿದರು. ಚೈನ್ ಟೂಲ್ ಇಟ್ಟು ತಿರುವಿ ಒಂದು ಪಿನ್ ಹೊರಗೆ ತಳ್ಳಿ ಚೈನ್ ಬಿಚ್ಚಿದರು, ಮುರಿದ ಡಿರೇಲರ್ ತೆಗೆದು ನನ್ನ ಕೈಗೆ ಕೊಟ್ಟರು, ಸತ್ತ ಏಡಿಯ ಹಾಗಿತ್ತು. ಆಮೇಲೆ ಹಿಂದಿನ ಹಲ್ಲುಗಳಲ್ಲಿ ಮಧ್ಯದ್ದೊಂದನ್ನು ಆರಿಸಿ, ಒಂದು ಕಣ್ಣು ಮುಚ್ಚಿ, ಪೆಡಲ್ ಹತ್ತಿರದ ಮುಂದಿನ ಹಲ್ಲುಚಕ್ರಕ್ಕೆ ಅದು ನೇರ ಇದೆಯಾ ಅಂತ ನೋಡಿದರು. ನೇರ ಇಲ್ಲದಿದ್ದರೆ ಚೈನ್ ತಾನಾಗಿಯೇ ಪಕ್ಕದ ದೊಡ್ಡ ಹಲ್ಲಿಗೆ ಹತ್ತಲು ನೋಡಿ ಹಗ್ಗದ ಹಾಗೆ ಬಿಗಿದುಕೊಳ್ಳುತ್ತದಂತೆ. ಅಳತೆ ನೋಡಿ ಹೆಚ್ಚಿನ ಕೊಂಡಿಗಳನ್ನು ತೆಗೆದು, ಚೈನಿನ ಎರಡು ತುದಿ ಸೇರಿಸುವ ಕ್ವಿಕ್ ಲಿಂಕ್ ಹಾಕಿ ಪೆಡಲ್ ಒತ್ತಿ ಟಕ್ ಅಂತ ಕೂರಿಸಿದರು. ಹನ್ನೆರಡು ಗೇರಿನ ಸೈಕಲ್ ನಮ್ಮಪ್ಪನ ಗೇರಿಲ್ಲದ ಅಟ್ಲಾಸ್ ಸೈಕಲ್ ಆಗಿಹೋಯಿತು. ಇಷ್ಟಕ್ಕೂ ಇಪ್ಪತ್ತು ನಿಮಿಷ. "ಬೋಗಿ ಜೋಡಿಸಿದಾಂವ ನಾನು, ಇದೇನ್ ಮಹಾ" ಅಂತ ಕೈ ಒರೆಸಿಕೊಂಡರು.

ಡಂಬಳ ಮುಟ್ಟಿದಾಗ ಹನ್ನೆರಡೂವರೆ. ದೊಡ್ಡಬಸಪ್ಪನ ಗುಡಿಯ ಹೊರಗೆ ಸೈಕಲ್ ಒರಗಿಸಿ ಮಣ್ಣು ಮೆತ್ತಿದ ಬೂಟು ಬಿಟ್ಟು ಒಳಗೆ ಹೋದೆವು. 12ನೇ ಶತಮಾನದ ಚಾಲುಕ್ಯರ ಕಾಲದ ಗುಡಿ. ಗರ್ಭಗುಡಿಯ ತಳ 24 ಮೂಲೆಗಳ ನಕ್ಷತ್ರ. ಗೋಡೆಗೆ ಕೈ ಆನಿಸಿಕೊಂಡು ಸುತ್ತ ಬಂದರೆ ಮೂಲೆ, ಸಂದು, ಮತ್ತೆ ಮೂಲೆ. ಒಂದು ಮೂಲೆ ಸುತ್ತಳತೆಯಲ್ಲಿ ತಪ್ಪಿದ್ದರೂ ಮೇಲಿನ ಶಿಖರ ಕೂರುತ್ತಿರಲಿಲ್ಲ ಅಂತ ಕಾಕಾ ಬಹಳ ಹೊತ್ತು ತಲೆ ಎತ್ತಿ ನೋಡಿದರು. ಫಿಟ್ಟರ್ ಕಣ್ಣು. ಇದೇ ಊರಿನ 1095ರ ಶಾಸನವೊಂದು ಬೌದ್ಧರ ತಾರಾದೇವಿಯ ಗುಡಿಯ ವಿಷಯ ಹೇಳುತ್ತದೆ ಅಂತ ಮೇಡಂ ಹೇಳಿದರು. ಹೊಟ್ಟೆ ಹಸಿದಿತ್ತು, ಅಷ್ಟರಲ್ಲೇ ಎದ್ದೆವು.

ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ನಾನು ಆರು ರೊಟ್ಟಿ ತಿಂದೆ. ಖಾನಾವಳಿ ಅವ್ವ ನಮ್ಮ ಕಾಲು ನೋಡಿ "ನಾಟಿಗೆ ಹೋಗಿದ್ರೇನು?" ಅಂತ ಕೇಳಿ ನಗುತ್ತಾ ಇನ್ನೊಂದು ರೊಟ್ಟಿ ಹಾಕಿದಳು.

ಗದಗಿಗೆ ವಾಪಸ್ ಡಾಂಬರಿನಲ್ಲೇ, ಇಪ್ಪತ್ತು ಕಿಲೋಮೀಟರಿನ ಮೇಲೆ. ಒಂದೇ ಗೇರು, ಇಳಿಜಾರಿನಲ್ಲಿ ಕಾಲು ಸುಮ್ಮನೆ ತಿರುಗುತ್ತದೆ, ಏರಿನಲ್ಲಿ ಮೊಣಕಾಲು ಕಿರಗುಟ್ಟುತ್ತದೆ. ಹುಡುಗರು ಕೂಡ ಮುಂದೆ ಓಡಲಿಲ್ಲ. ಎದುರು ಗಾಳಿ ಬಂದಾಗ ನನ್ನನ್ನು ನಡುವೆ ಹಾಕಿಕೊಂಡರು. ಅಂಗಡಿ ಸಾಹುಕಾರರು ನನ್ನ ಪಕ್ಕಕ್ಕೆ ಬಂದು "ಇವತ್ತ ಸ್ವೀಪ್ ಯಾರ್ರಿ?" ಅಂತ ಒಂದೇ ಒಂದು ಸಲ ಕೇಳಿದರು. ಗದಗಿನಲ್ಲಿ ಬದನೆಕಾಯಿ ಬಜ್ಜಿ, ಚಹಾ. ಬಿಲ್ಲು ನಾನೇ ಕೊಟ್ಟೆ, ಯಾರೂ ಬೇಡ ಅನ್ನಲಿಲ್ಲ.

ರಾತ್ರಿ ಮನೆಯ ಅಂಗಳದಲ್ಲಿ ಸೈಕಲ್ ತೊಳೆದೆ. ಮೂರು ಬಕೆಟ್ ನೀರು ಸುರಿದರೂ ಗಾಲಿಯ ಸಂದಿನಲ್ಲಿ ಕಪ್ಪು ಹೋಗಲಿಲ್ಲ, ಚಾಕು ಹಾಕಿ ಕೆತ್ತಬೇಕಾಯಿತು. ಅಷ್ಟರಲ್ಲಿ ಗುಂಪಿನಲ್ಲಿ ಕಾಕಾನ ಮೆಸೇಜ್ ಬಂತು. "ಮುಂದಿನ ರವಿವಾರ ಉಣಕಲ್. ಡಾಂಬರ್ ರೋಡ್ ಐತಿ. ಸ್ವೀಪ್ ಬ್ಯಾರೆಯವರು."